ಸ್ನೋಮೊಬೈಲ್ ಬೇರಿಂಗ್: ಯಾವಾಗ ನೋಡಬೇಕು, ಯಾವಾಗ ಬದಲಾಯಿಸಬೇಕು

ಪ್ರತಿ ವರ್ಷ ಮಾರ್ಚ್ ಕೊನೆ ಬಂತೆಂದರೆ ಇದೇ ಪ್ರಶ್ನೆ. "ನನ್ನ ಸ್ಲೆಡ್ 3,000 ಮೈಲಿ ಓಡಿದೆ, ಬೇರಿಂಗ್ ಬದಲಾಯಿಸಬೇಕಾ?" ಸ್ಲೆಡ್ ಅಂದರೆ ಸ್ನೋಮೊಬೈಲೇ, ಹಿಮದ ಮೇಲೆ ಓಡುವ ಗಾಡಿ. ಇಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹಿಮ ಕರಗುವ ಹೊತ್ತಿಗೆ ನಮ್ಮವರಲ್ಲಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಹೊಸ ಗಾಡಿ ಕೊಳ್ಳುವುದಿಲ್ಲ ಅಲ್ವಾ? ಎಂಟು ಹತ್ತು ವರ್ಷ ಹಳೆಯದನ್ನು ಯಾರದೋ ಗ್ಯಾರೇಜಿನಿಂದ ಟ್ರೇಲರ್ ಮೇಲೆ ಹೇರಿಕೊಂಡು ಬರುತ್ತೇವೆ. ಅದನ್ನು ಹೇಗೆ ಇಟ್ಟುಕೊಂಡಿದ್ದರೋ, ಎಲ್ಲಿ ನಿಲ್ಲಿಸಿದ್ದರೋ ಗೊತ್ತಿರುವುದಿಲ್ಲ.

ಮೈಲಿ ಲೆಕ್ಕ ಬೇಕು, ಆದರೆ ಅದೊಂದೇ ಸಾಲದು. ಸ್ಲೆಡ್ ಬೇರಿಂಗನ್ನು ಜಾಸ್ತಿ ಕೊಲ್ಲುವುದು ನೀರು. 800 ಮೈಲಿ ಮಾತ್ರ ಓಡಿ, ಪ್ರತಿ ಸಲ ಪ್ರೆಷರ್ ವಾಶರ್ ಹೊಡೆಸಿಕೊಂಡು, ಬೇಸಿಗೆಯೆಲ್ಲ ಹಸಿ ನೆಲದ ಮೇಲೆ ನಿಂತ ಸ್ಲೆಡ್ಡಿನ ಬೇರಿಂಗ್, 4,000 ಮೈಲಿ ಓಡಿ ಒಣ ಶೆಡ್ಡಿನಲ್ಲಿ ಮಲಗಿದ ಸ್ಲೆಡ್ಡಿನದಕ್ಕಿಂತ ಮೊದಲೇ ಹೋಗಿರಬಹುದು. ಆದ್ದರಿಂದ ಕೈಯಿಂದ ತಿರುಗಿಸಿ ನೋಡಲೇಬೇಕು. ನೋಡುವುದಕ್ಕೆ ಒಂದು ಶನಿವಾರದ ಮಧ್ಯಾಹ್ನ ಸಾಕು. ಬದಲಾಯಿಸುವುದಕ್ಕೆ ಎಷ್ಟು ಹೊತ್ತು ಅನ್ನುವುದು ಯಾವ ಬೇರಿಂಗ್ ಹೋಗಿದೆ ಅನ್ನುವುದರ ಮೇಲೆ ಹೋಗುತ್ತದೆ.

ಬೇರಿಂಗ್ ಎಲ್ಲೆಲ್ಲಿದೆ

ಎಂಜಿನ್ನಿನ ಶಕ್ತಿ ಹೋಗುವ ದಾರಿ ಹಿಡಿದು ಹೋದರೆ ಎಲ್ಲವೂ ಸಿಗುತ್ತವೆ. ಎಂಜಿನ್ ಪಕ್ಕದಲ್ಲಿ ಪ್ರೈಮರಿ ಕ್ಲಚ್. ಅಲ್ಲಿಂದ ಅಗಲವಾದ ರಬ್ಬರ್ ಬೆಲ್ಟು ಹಿಂದಿನ ಸೆಕೆಂಡರಿ ಕ್ಲಚ್ಚನ್ನು ತಿರುಗಿಸುತ್ತದೆ. ಸೆಕೆಂಡರಿ ಕ್ಲಚ್ ಕೂತಿರುವ ಅಡ್ಡ ದಂಡಕ್ಕೆ ಜ್ಯಾಕ್‌ಶಾಫ್ಟ್ ಅನ್ನುತ್ತಾರೆ. ಅದು ಗಾಡಿಯ ಇನ್ನೊಂದು ಮಗ್ಗುಲಿಗೆ ಹೋಗಿ ಚೈನ್ ಕೇಸ್ ಸೇರುತ್ತದೆ. ಚೈನ್ ಕೇಸ್ ಅಂದರೆ ಎಣ್ಣೆ ತುಂಬಿದ ಡಬ್ಬಿ, ಒಳಗೆ ಎರಡು ಹಲ್ಲುಚಕ್ರ, ಒಂದು ಚೈನು. ಕೆಳಗಿನ ಹಲ್ಲುಚಕ್ರ ಕೂತಿರುವುದು ಡ್ರೈವ್‌ಶಾಫ್ಟ್ ಮೇಲೆ. ಟ್ರ್ಯಾಕನ್ನು, ಅಂದರೆ ಗಾಡಿಯ ಕೆಳಗೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿಯನ್ನು, ಎಳೆಯುವ ದಂಡ ಅದೇ.

ಜ್ಯಾಕ್‌ಶಾಫ್ಟಿಗೆ ಎರಡು ತುದಿಯಲ್ಲಿ ಎರಡು ಬೇರಿಂಗ್, ಡ್ರೈವ್‌ಶಾಫ್ಟಿಗೂ ಹಾಗೆಯೇ ಎರಡು. ಆಮೇಲೆ ಟ್ರ್ಯಾಕಿನ ಒಳಗೆ ಸಾಲಾಗಿ ಕೂತ ಪ್ಲಾಸ್ಟಿಕ್ ಚಕ್ರಗಳು, ಇವುಗಳ ಹೆಸರು ಐಡ್ಲರ್ ಚಕ್ರ, ಕೆಲವರು ಬೋಗಿ ಅಂತಲೂ ಕರೆಯುತ್ತಾರೆ. ಪ್ರತಿಯೊಂದರ ನಡುವೆ ಕನಿಷ್ಠ ಒಂದು ಬೇರಿಂಗ್ ಇರುತ್ತದೆ. ನಿಮ್ಮ ಸ್ಲೆಡ್ಡಿನಲ್ಲಿ ಎಷ್ಟು ಚಕ್ರ ಇವೆ ಅಂತ ಬಗ್ಗಿ ಎಣಿಸಿಕೊಳ್ಳಿ, ಮಾದರಿಯಿಂದ ಮಾದರಿಗೆ ಬೇರೆ ಬೇರೆ. ಎಂಜಿನ್ ಒಳಗಿನ ಕ್ರ್ಯಾಂಕ್ ಬೇರಿಂಗ್ ಬೇರೆಯೇ ಲೋಕ, ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಪ್ರೈಮರಿ ಕ್ಲಚ್ ಹಿಡಿದು ಅಲುಗಾಡಿಸಿದಾಗ ಅದರ ದಂಡವೇ ಮೇಲೆ ಕೆಳಗೆ ಕುಣಿದರೆ ಗೊತ್ತಿರುವವರ ಹತ್ತಿರ ಒಯ್ಯಿರಿ.

ಮುಕ್ಕಾಲು ಪಾಲು ಸ್ಲೆಡ್‌ಗಳಲ್ಲಿ ಕ್ಲಚ್ ನಾವು ಕೂತಾಗ ಎಡಗೈ ಕಡೆ, ಚೈನ್ ಕೇಸ್ ಬಲಗೈ ಕಡೆ ಇರುತ್ತದೆ. ಈ ಲೇಖನದಲ್ಲಿ ನಾನು ಎಡ, ಬಲ ಅಂದಾಗ ಅದೇ ಲೆಕ್ಕ. ಕೆಲವು ಮಾದರಿಗಳಲ್ಲಿ ಚೈನ್ ಬದಲು ಹಲ್ಲಿನ ಬೆಲ್ಟು ಇದೆ, ಕೆಲವಲ್ಲಿ ಗೇರ್ ಪೆಟ್ಟಿಗೆಯೇ ಇದೆ. ಅಂಥದ್ದಾದರೆ ಐದನೇ ಹಂತಕ್ಕೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿಕೊಳ್ಳಿ.

ಬೇರಿಂಗಿನ ಭಾಗಗಳ ಹೆಸರನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಚಿಕ್ಕಂದಿನಲ್ಲಿ ಮೂರು ಹಳೇ ಬೇರಿಂಗ್ ಹೊಂದಿಸಿ ಬೇರಿಂಗ್ ಗಾಡಿ ಮಾಡಿ ಇಳಿಜಾರಿನಲ್ಲಿ ಬಿದ್ದವರಿಗೆ ಹೇಳಬೇಕಿಲ್ಲ. ಒಳಗಿನ ಉಕ್ಕಿನ ಬಳೆ ಶಾಫ್ಟಿಗೆ ಕೂರುತ್ತದೆ, ಹೊರಗಿನ ಬಳೆ ಚಕ್ರದ ಗುಳಿಗೆ ಕೂರುತ್ತದೆ, ನಡುವೆ ಗುಂಡುಗಳು. ಎರಡೂ ಬದಿಯ ರಬ್ಬರ್ ಮುಚ್ಚಳವೇ ಸೀಲ್. ಗ್ರೀಸನ್ನು ಒಳಗೆ, ನೀರನ್ನು ಹೊರಗೆ ಇಡುವುದು ಅದರ ಕೆಲಸ.

ಯಾಕೆ ಇಷ್ಟು ಬೇಗ ಹೋಗುತ್ತವೆ

ಸಣ್ಣ ಲೆಕ್ಕ ಮಾಡಿ ನೋಡಿ. ಗಂಟೆಗೆ 60 ಮೈಲಿ ಓಡುವ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ಐದೂವರೆ ಇಂಚಿನ ಐಡ್ಲರ್ ಚಕ್ರ 3,600ಕ್ಕೂ ಜಾಸ್ತಿ ಸುತ್ತು ತಿರುಗಬೇಕು. ಅದೂ ಹಿಮದಲ್ಲಿ ಮುಳುಗಿಕೊಂಡು. ಓಡುವಾಗ ಬೇರಿಂಗ್ ಬಿಸಿಯಾಗುತ್ತದೆ, ನಿಲ್ಲಿಸಿದ ಕೂಡಲೇ ತಣ್ಣಗಾಗುತ್ತದೆ, ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಚಳಿಗಾಲವೆಲ್ಲ ನಡೆಯುತ್ತದೆ. ಇದರ ಜೊತೆಗೆ ತೆರೆದ ಟ್ರೇಲರಿನಲ್ಲಿ ಹೆದ್ದಾರಿಯ ಉಪ್ಪುನೀರು ಎರಚಿಸಿಕೊಂಡು ಬಂದರೆ ಮುಗಿಯಿತು.

ಆಮೇಲೆ ಬೇಸಿಗೆ. ಒಳಗೆ ಹೋದ ನೀರು ಗುಂಡಿನ ಬುಡದಲ್ಲಿ ಕೂತು, ಆರೇಳು ತಿಂಗಳು ಅಲ್ಲೇ ತುಕ್ಕು ಹಿಡಿಸುತ್ತದೆ. ಡಿಸೆಂಬರಿನಲ್ಲಿ ಸ್ಲೆಡ್ ಹೊರಗೆ ತೆಗೆದಾಗ ಗರಗರ. ಜನ ಹೇಳುತ್ತಾರೆ, "ಸುಮ್ನೆ ನಿಂತಿತ್ತು ಸಾರ್, ಹೇಗೆ ಹೋಯಿತೋ". ನಿಂತದ್ದರಿಂದಲೇ ಹೋಯಿತು.

ಯಾವಾಗ ನೋಡಬೇಕು

ಇಲ್ಲಿ ಕ್ಲಬ್‌ಗಳು ನೋಡಿಕೊಳ್ಳುವ ಟ್ರೇಲ್‌ಗಳು, ಅಂದರೆ ಸ್ಲೆಡ್ ಓಡಿಸುವ ಹಿಮದ ದಾರಿಗಳು, ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ತೆರೆದಿರುತ್ತವೆ. ದೊಡ್ಡ ತಪಾಸಣೆ ಏಪ್ರಿಲ್‌ನಲ್ಲಿ ಮಾಡಿ, ಗಾಡಿಯನ್ನು ಮಲಗಿಸುವ ಮುಂಚೆ. ಹೆಚ್ಚಿನವರು ನವೆಂಬರಿನಲ್ಲಿ ಮಾಡುತ್ತಾರೆ, ಅಷ್ಟೊತ್ತಿಗೆ ತುಕ್ಕು ತನ್ನ ಕೆಲಸ ಮುಗಿಸಿರುತ್ತದೆ. ನವೆಂಬರಿನಲ್ಲಿ ಬೇಕಾದರೆ ಹತ್ತು ನಿಮಿಷ ಚಕ್ರ ತಿರುಗಿಸಿ ನೋಡಿದರೆ ಸಾಕು.

ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಐಡ್ಲರ್ ಚಕ್ರಗಳನ್ನು ಸುಮಾರು 1,000 ಮೈಲಿಗೊಮ್ಮೆ ಮತ್ತು ಏಪ್ರಿಲ್‌ನಲ್ಲಿ ತಪ್ಪದೆ ತಿರುಗಿಸಿ ನೋಡುತ್ತೇನೆ. ಡ್ರೈವ್‌ಶಾಫ್ಟಿನ ಎಡಗಡೆ ಬೇರಿಂಗನ್ನು ಪ್ರತಿ ವಸಂತದಲ್ಲಿ ಒರೆಸಿ, ಸೀಲ್ ನೋಡಿ, ಗ್ರೀಸ್ ಮೂತಿ ಇದ್ದರೆ ಗ್ರೀಸ್ ಹೊಡೆಯುತ್ತೇನೆ. 4,000ದಿಂದ 5,000 ಮೈಲಿ ಆಯಿತೆಂದರೆ ಚೆನ್ನಾಗಿದ್ದರೂ ಡ್ರೈವ್‌ಶಾಫ್ಟ್ ಬೇರಿಂಗ್ ಬದಲಾಯಿಸಿಬಿಡುತ್ತೇನೆ. ಇದು ನನ್ನ ರೂಢಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ. ಹಳೇ ಸ್ಲೆಡ್ ಕೊಂಡಿದ್ದೀರಾ, ಹಿಂದಿನವರು ಏನು ಮಾಡಿದ್ದರೆಂದು ಗೊತ್ತಿಲ್ಲವಾ? ಹಾಗಾದರೆ ಎಲ್ಲವನ್ನೂ ಒಂದು ಸಲ ಬಿಚ್ಚಿ ನೋಡದೆ ಟ್ರೇಲಿಗೆ ಹೋಗಬೇಡಿ.

ಈ ಲಕ್ಷಣ ಕಂಡರೆ ತಿಂಗಳು ನೋಡುತ್ತ ಕೂರಬೇಡಿ: ವೇಗಕ್ಕೆ ತಕ್ಕಂತೆ ಏರುವ ಇಳಿಯುವ ಗುಂಯ್ ಸದ್ದು, ಚಕ್ರದ ನಡುವಿನಿಂದ ಇಳಿದ ಕೆಂಪು ತುಕ್ಕಿನ ಗೆರೆ, ಕಾರಣವಿಲ್ಲದೆ ಪದೇ ಪದೇ ಸವೆಯುವ ಕ್ಲಚ್ ಬೆಲ್ಟು. ಇನ್ನೊಂದು ಇದೆ, ಯಾರಿಗೂ ಅನುಮಾನ ಬರದಂಥದ್ದು. ಸ್ಪೀಡೋಮೀಟರ್ ಮುಳ್ಳು ಕುಣಿಯುವುದು, ಇಲ್ಲವೇ ಅಂಕಿ ಒಮ್ಮೆಗೇ ಸೊನ್ನೆಗೆ ಬೀಳುವುದು. ಬಹಳ ಸ್ಲೆಡ್‌ಗಳಲ್ಲಿ ವೇಗ ಅಳೆಯುವ ಸೆನ್ಸರ್ ಡ್ರೈವ್‌ಶಾಫ್ಟಿನ ಎಡ ತುದಿಯಲ್ಲಿರುತ್ತದೆ. ಅಲ್ಲಿನ ಬೇರಿಂಗ್ ಲೂಸ್ ಆದರೆ ಶಾಫ್ಟ್ ಅಲುಗುತ್ತದೆ, ಸೆನ್ಸರಿಗೆ ಲೆಕ್ಕ ತಪ್ಪುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಒಂದು ಸಲ ನಾರ್ತ್ ಶೋರ್ ಟ್ರೇಲಿನಲ್ಲಿ ಮುಳ್ಳು ಕುಣಿಯುತ್ತಿದ್ದರೂ ವೈರ್ ಲೂಸ್ ಇರಬೇಕು ಅಂತ ಓಡಿಸಿಕೊಂಡೇ ಹೋದೆ. ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ 146 ಮೈಲಿ, ನಡುವೆ ಕಾಡು. ಬೇರಿಂಗ್ ಪುಡಿಯಾಗಿ, ಶಾಫ್ಟ್ ವಾಲಿ, ಟ್ರ್ಯಾಕ್ ಎಳೆಯುವ ಹಲ್ಲುಗಾಲಿ ಮುಂದಿದ್ದ ಕೂಲರನ್ನು, ಅಂದರೆ ಎಂಜಿನ್ನಿನ ಕೂಲೆಂಟ್ ತಣಿಸುವ ಭಾಗವನ್ನು, ಕೊರೆದು ಹಾಕಿತ್ತು. ಹಿಮದ ಮೇಲೆ ಹಸಿರು ಕೂಲೆಂಟ್ ಗೆರೆ ನೋಡಿದ ಮೇಲೆ ನಿಲ್ಲಿಸಿದೆ. ಬೇರಿಂಗಿನ ಬೆಲೆಗೂ ಕೂಲರಿನ ಬೆಲೆಗೂ ಹೋಲಿಕೆಯೇ ಇಲ್ಲ, ಆ ಬಿಲ್ ವಿಷಯ ಬಿಡಿ.

ಏನೇನು ಬೇಕು

ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್. ಸರ್ಕ್ಲಿಪ್ ಪ್ಲೈಯರ್ ಬೇಕೇ ಬೇಕು. ಬೇರಿಂಗ್ ಜಾರದಂತೆ ಗುಳಿಯಲ್ಲಿ ಹಿಡಿದಿಡುವ ಸ್ಪ್ರಿಂಗ್ ಬಳೆಗೆ ಸರ್ಕ್ಲಿಪ್ ಅನ್ನುತ್ತಾರೆ, ಅದನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಲು ಹೋದರೆ ಹಾರಿ ಕಣ್ಣಿಗೇ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸ್ಲೆಡ್ಡಿನ ಹಿಂಭಾಗ ಎತ್ತಿ ನಿಲ್ಲಿಸಲು ಗಟ್ಟಿಯಾದ ಸ್ಟ್ಯಾಂಡ್ ಬೇಕು. ಹಾಲಿನ ಕ್ರೇಟಿನ ಮೇಲೆ ನಿಲ್ಲಿಸಿದವರನ್ನು ನೋಡಿದ್ದೇನೆ, ಬೇಡ. ನೀರಿಗೆ ತೊಳೆದು ಹೋಗದ ಗ್ರೀಸ್ ಕೊಳ್ಳಿ, ದೋಣಿಯ ಟ್ರೇಲರಿಗೆ ಹಾಕುವ ಗ್ರೀಸ್ ಆಗುತ್ತದೆ. ನೀಲಿ ಥ್ರೆಡ್‌ಲಾಕರ್, ಅಂದರೆ ಬೋಲ್ಟು ಅದಿರಾಟಕ್ಕೆ ಬಿಚ್ಚಿಕೊಳ್ಳದಂತೆ ಹಚ್ಚುವ ಅಂಟು. ಎಷ್ಟು ಬಿಸಿ ಅಂತ ದೂರದಿಂದ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಬೇರಿಂಗನ್ನು ಡೀಲರ್ ಹತ್ತಿರವೇ ಕೊಳ್ಳಬೇಕೆಂದಿಲ್ಲ. ಹಳೆಯದರ ಮೇಲೆ ಒಂದು ನಂಬರ್ ಕೊರೆದಿರುತ್ತದೆ, ಅದೇ ಅದರ ಜಾತಕ. ಐಡ್ಲರ್ ಚಕ್ರಗಳಲ್ಲಿ 6205 ಅಥವಾ 6004 ಮಾಮೂಲು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ: 05 ಅಂದರೆ 25, 04 ಅಂದರೆ 20. ಈ ಗುಣಾಕಾರ 04ರಿಂದ ಮೇಲಕ್ಕೆ ಮಾತ್ರ ನಡೆಯುತ್ತದೆ. 03 ಅಂದರೆ 15 ಅಲ್ಲ, 17. 6205ರ ಹೊರ ಅಳತೆ 52, ದಪ್ಪ 15. 6004ರದ್ದು 42 ಮತ್ತು 12. ನಂಬರಿನ ಹಿಂದೆ 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ ಅರ್ಥ. ಚಕ್ರಗಳಿಗೆ ಅದೇ ಬೇಕು, ತಗಡಿನ ಮುಚ್ಚಳದ್ದು ಬೇಡ. ಸಿ3 ಅಂತಿದ್ದರೆ ಗುಂಡುಗಳಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿದ್ದಾರೆ ಅಂತ. ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲಿ.

ಹತ್ತು ಬೇರಿಂಗಿನ ಪೊಟ್ಟಣ ತೀರಾ ಅಗ್ಗಕ್ಕೆ ಸಿಗುತ್ತದೆ, ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ನಕಲಿಯೂ ಸಿಗುತ್ತದೆ. ಚಕ್ರಗಳಿಗೆ ಅಗ್ಗದ್ದು ಹಾಕಿ ಪ್ರತಿ ವರ್ಷ ಬದಲಾಯಿಸುವವರಿದ್ದಾರೆ, ಅದೂ ಒಂದು ದಾರಿ. ಡ್ರೈವ್‌ಶಾಫ್ಟ್, ಜ್ಯಾಕ್‌ಶಾಫ್ಟಿಗೆ ಮಾತ್ರ ಎಸ್‌ಕೆಎಫ್, ಎನ್‌ಟಿಎನ್, ಕೊಯೊ ಇಂಥದ್ದನ್ನು ನಂಬುವ ಅಂಗಡಿಯಲ್ಲಿ ಕೊಳ್ಳಿ.

ಹಂತ 1: ತೊಳೆದು ಎತ್ತಿ ನಿಲ್ಲಿಸಿ

ಪ್ರೆಷರ್ ವಾಶರ್ ಮುಟ್ಟಬೇಡಿ. ಆ ನೀರಿನ ರಭಸಕ್ಕೆ ಸೀಲಿನ ತುಟಿ ತೆರೆದುಕೊಂಡು ನೀರು ನೇರ ಒಳಗೆ ಹೋಗುತ್ತದೆ. ತೋಟದ ಪೈಪು, ಬ್ರಷ್, ಸೋಪು ಸಾಕು. ಒಣಗಿದ ಮೇಲೆ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟ್ರ್ಯಾಕ್ ನೆಲ ಮುಟ್ಟಬಾರದು. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬೆರಳು ಟ್ರ್ಯಾಕಿನೊಳಗೆ ಇರುವಾಗ ಮನೆಯ ಮಕ್ಕಳು ಬಂದು ಸ್ಟಾರ್ಟ್ ಒತ್ತಿಬಿಟ್ಟರೆ?

ಹಂತ 2: ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ

ಟ್ರ್ಯಾಕ್ ಕೆಳಗೆ ಜೋತು ಬಿದ್ದಾಗ ತುಂಬಾ ಚಕ್ರಗಳು ಬಿಡುವಾಗಿ ಸಿಗುತ್ತವೆ. ಸಿಗದಿದ್ದರೆ ಟ್ರ್ಯಾಕಿನ ಬಿಗಿ ಸ್ವಲ್ಪ ಸಡಿಲಿಸಿ. ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈಯ ಬೆರಳ ತುದಿಯನ್ನು ಚಕ್ರದ ಬೋಲ್ಟಿನ ಮೇಲೆ ಇಟ್ಟುಕೊಳ್ಳಿ. ಕಿವಿಗೆ ಕೇಳಿಸುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಒಳ್ಳೆಯ ಬೇರಿಂಗ್ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಹೋಗುತ್ತದೆ. ತುಕ್ಕು ಹಿಡಿದದ್ದು ರಾಗಿ ಬೀಸುವ ಕಲ್ಲಿನ ಹಾಗೆ ಗರಗರ ಅನ್ನುತ್ತದೆ. ಒಂದೇ ಜಾಗದಲ್ಲಿ ಕಟ್ ಅಂತ ತಡೆದರೆ ಬಳೆಯಲ್ಲಿ ಗುಳಿ ಬಿದ್ದಿದೆ.

ಇಲ್ಲೇ ಎಲ್ಲರೂ ಎಡವುವುದು. ಚಕ್ರ ಬುಗುರಿಯಂತೆ ಸಲೀಸಾಗಿ ಬಹಳ ಹೊತ್ತು ತಿರುಗಿದರೆ "ಇದು ಸೂಪರ್" ಅಂತ ಮುಂದಕ್ಕೆ ಹೋಗುತ್ತಾರೆ. ಗ್ರೀಸ್ ತುಂಬಿದ, ಸೀಲ್ ಗಟ್ಟಿಯಾಗಿರುವ ಬೇರಿಂಗ್ ಹಾಗೆ ತಿರುಗುವುದೇ ಇಲ್ಲ. ಬೆರಳು ತೆಗೆದ ಮೇಲೆ ಒಂದೆರಡು ಸುತ್ತು ಹಾಕಿ ಮೆತ್ತಗೆ ನಿಲ್ಲುತ್ತದೆ. ಬುಗುರಿ ಆಡುತ್ತಿದೆ ಅಂದರೆ ಒಳಗೆ ಗ್ರೀಸ್ ಉಳಿದಿಲ್ಲ. ಅಂಥದ್ದನ್ನೂ ಗುರುತು ಹಾಕಿಕೊಳ್ಳಿ.

ಆಮೇಲೆ ಚಕ್ರದ ಮೇಲಂಚು ಕೆಳಂಚು ಹಿಡಿದು ಅಲುಗಾಡಿಸಿ. ಟಕಟಕ ಅಂದರೆ ಬದಲಾವಣೆ. ಸೀಲ್ ಹರಿದಿದ್ದರೆ, ಉಬ್ಬಿದ್ದರೆ, ಸುತ್ತ ಕೆಂಪು ಪುಡಿ ಇದ್ದರೆ ಅದೂ ಬದಲಾವಣೆ. ಹಾಳಾದ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಬಿಚ್ಚುವ ಹೊತ್ತಿಗೆ ಯಾವುದು ಅಂತ ಮರೆತುಹೋಗುತ್ತದೆ. ಟ್ರ್ಯಾಕಿನ ಹಿಂದಿನ ಕೊನೆಯ ಚಕ್ರಗಳನ್ನು ಇನ್ನೊಂದು ಸಲ ನೋಡಿ. ಟ್ರ್ಯಾಕ್ ಎಳೆತವೆಲ್ಲ ಅವುಗಳ ಮೇಲೆ.

ಹಂತ 3: ಬೆಲ್ಟು ತೆಗೆದು ಜ್ಯಾಕ್‌ಶಾಫ್ಟ್ ನೋಡಿ

ಕ್ಲಚ್ ಮೇಲಿನ ಕವರ್ ತೆಗೆದು, ಬೆಲ್ಟು ಬಿಚ್ಚಿ. ಬೆಲ್ಟು ಇಲ್ಲದಾಗ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಭಾರವಿಲ್ಲದೆ ಎಂಜಿನ್ ಹುಚ್ಚೆದ್ದು ಓಡುತ್ತದೆ, ಕ್ಲಚ್ ಸಿಡಿಯಬಹುದು.

ಸೆಕೆಂಡರಿ ಕ್ಲಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಕ್ಲಚ್ ಶಾಫ್ಟಿನ ಉದ್ದಕ್ಕೆ ಸ್ವಲ್ಪ ಒಳಗೆ ಹೊರಗೆ ಸರಿದರೆ ಗಾಬರಿ ಬೇಡ, ಕೆಲವು ಮಾದರಿಗಳಲ್ಲಿ ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ. ಶಾಫ್ಟೇ ಮೇಲೆ ಕೆಳಗೆ ಹೋದರೆ ಬೇರಿಂಗ್ ಹೋಗಿದೆ. ಈ ಬೇರಿಂಗ್ ಸಡಿಲಾದರೆ ಎರಡು ಕ್ಲಚ್ ಒಂದೇ ನೇರಕ್ಕೆ ನಿಲ್ಲುವುದಿಲ್ಲ, ಬೆಲ್ಟು ಒಂದು ಬದಿಗೆ ಉಜ್ಜುತ್ತದೆ. ವರ್ಷಕ್ಕೆ ಮೂರು ಬೆಲ್ಟು ತಿನ್ನುವ ಸ್ಲೆಡ್ ಇದ್ದರೆ ಬೆಲ್ಟು ಕಂಪನಿಯನ್ನು ಬೈಯುವ ಮುಂಚೆ ಇದನ್ನು ನೋಡಿ.

ಹಂತ 4: ಡ್ರೈವ್‌ಶಾಫ್ಟ್, ಅದರಲ್ಲೂ ಎಡಗಡೆ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಬಲಗಡೆಯ ಬೇರಿಂಗ್ ಚೈನ್ ಕೇಸಿನ ಎಣ್ಣೆಯಲ್ಲಿ ಸುಖವಾಗಿರುತ್ತದೆ. ಎಡಗಡೆಯದಕ್ಕೆ ಎಣ್ಣೆಯೂ ಇಲ್ಲ, ಮರೆಯೂ ಇಲ್ಲ. ಟನೆಲ್ ಅಂದರೆ ಟ್ರ್ಯಾಕ್ ಓಡುವ ಅಲ್ಯೂಮಿನಿಯಂ ಗೂಡು. ಅದರ ಗೋಡೆಯಲ್ಲಿ ಕೂತು, ಒಳಗಿನಿಂದ ಟ್ರ್ಯಾಕ್ ಎರಚುವ ಹಿಮ ಮತ್ತು ಕೆಸರನ್ನು ಇದು ಇಡೀ ಚಳಿಗಾಲ ತಿನ್ನುತ್ತದೆ.

ಬೆಲ್ಟು ತೆಗೆದಿದೆಯಲ್ಲ, ಈಗ ಟ್ರ್ಯಾಕನ್ನು ಕೈಯಿಂದ ನಿಧಾನ ಎಳೆದು ತಿರುಗಿಸಿ, ಒಬ್ಬರು ಸಹಾಯಕ್ಕಿರಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಗೂಡಿನ ಮೇಲೆ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಿ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಆಮೇಲೆ ಟ್ರ್ಯಾಕಿನ ಮುಂದಿನ ಭಾಗದ ಸಂದಿಯಿಂದ ಕೈ ಹಾಕಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಆಡಿಸಿ. ಬೆರಳಿಗೆ ಅಲುಗಾಟ ತಿಳಿಯಿತೋ, ಇನ್ನು ಒಂದು ಸವಾರಿಗೂ ಹೋಗಬೇಡಿ. ಟಾರ್ಚ್ ಹಾಕಿ ಟನೆಲ್ ಗೋಡೆಯ ಒಳಬದಿ ನೋಡಿ. ಹೊಸ ಹೊಳೆಯುವ ಗೀರು ಕಂಡರೆ ಹಲ್ಲುಗಾಲಿ ಉಜ್ಜುತ್ತಿದೆ.

ಹಂತ 5: ಚೈನ್ ಕೇಸ್ ಎಣ್ಣೆ ಏನು ಹೇಳುತ್ತದೆ

ಎಣ್ಣೆ ಇಳಿಸಿ. ಹೇಗೂ ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದೇ. ಇಳಿಸುವ ಬೋಲ್ಟಿನಲ್ಲಿ ಅಥವಾ ಎಣ್ಣೆ ಅಳೆಯುವ ಕಡ್ಡಿಯಲ್ಲಿ ಬಹಳ ಗಾಡಿಗಳಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆ ಲೇಹ ಮಾಮೂಲು, ಚೈನ್ ಸವೆತ. ಚೂರು, ಚಕ್ಕೆ, ಉಗುರಿಗೆ ಸಿಗುವ ತುಂಡು ಇದ್ದರೆ ಕವರ್ ಬಿಚ್ಚಿ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ, ಸೀಲ್ ಸೋರುತ್ತಿದೆ.

ಹಂತ 6: ಚಕ್ರದ ಬೇರಿಂಗ್ ಬದಲಾಯಿಸುವುದು

ಸಸ್ಪೆನ್ಷನ್ ಅಂದರೆ ಟ್ರ್ಯಾಕಿನೊಳಗೆ ಈ ಚಕ್ರಗಳನ್ನು ಹೊತ್ತಿರುವ ಚೌಕಟ್ಟು. ಹೊರಗಿನ ಚಕ್ರಗಳನ್ನು ಅದನ್ನು ಬಿಚ್ಚದೆಯೇ ತೆಗೆಯಬಹುದು. ಒಳಗಿನವಕ್ಕೆ ಸಸ್ಪೆನ್ಷನ್ ಪೂರ್ತಿ ಕೆಳಗಿಳಿಸಬೇಕು, ಸಾಮಾನ್ಯವಾಗಿ ನಾಲ್ಕು ದೊಡ್ಡ ಬೋಲ್ಟು. ಹಿಂದಿನ ಆಕ್ಸಲ್ ಸಡಿಲಿಸುವ ಮುಂಚೆ ಎರಡೂ ಬದಿಯ ಟ್ರ್ಯಾಕ್ ಬಿಗಿ ಮಾಡುವ ಬೋಲ್ಟು ಎಷ್ಟು ಸುತ್ತು ಬಿಚ್ಚಿದಿರೆಂದು ಬರೆದಿಟ್ಟುಕೊಳ್ಳಿ. ವಾಶರ್‌ಗಳು, ನಡುವಿನ ಸಣ್ಣ ಕೊಳವೆಗಳು (ಸ್ಲೀವ್) ಇದ್ದ ಕ್ರಮದಲ್ಲೇ ಒಂದು ಫೋಟೋ ಹೊಡೆಯಿರಿ.

ಸರ್ಕ್ಲಿಪ್ ತೆಗೆದು, ಚಕ್ರವನ್ನು ಎರಡು ಮರದ ತುಂಡಿನ ಮೇಲೆ ಕೂರಿಸಿ, ಹಿಂದಿನಿಂದ ಒಳ ಬಳೆಗೆ ಸಾಕೆಟ್ ಇಟ್ಟು ಬಡಿದರೆ ಬೇರಿಂಗ್ ಕೆಳಗೆ ಬೀಳುತ್ತದೆ. ಹಳೆಯದು ಎಸೆಯುವುದೇ ಆದ್ದರಿಂದ ಎಲ್ಲಿಗೆ ಹೊಡೆದರೂ ನಡೆಯುತ್ತದೆ. ಹೊಸದನ್ನು ಹಾಕುವಾಗ ಮಾತ್ರ ಹಾಗಲ್ಲ. ಹೊಸ ಬೇರಿಂಗನ್ನು ಚಕ್ರದ ಗುಳಿಗೆ ಕೂರಿಸುವಾಗ ಹೊರ ಬಳೆಯ ಮೇಲೆ ಮಾತ್ರ ಒತ್ತಬೇಕು. ಶಾಫ್ಟಿಗೆ ಕೂರಿಸುವಾಗ ಒಳ ಬಳೆಯ ಮೇಲೆ ಮಾತ್ರ. ಅದಲು ಬದಲಾದರೆ ಹೊಡೆತವೆಲ್ಲ ಗುಂಡುಗಳ ಮೂಲಕ ಹೋಗಿ ಬಳೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಹಾಕುವಾಗ ಏನೂ ಕಾಣುವುದಿಲ್ಲ, ನೂರಿನ್ನೂರು ಮೈಲಿ ಆದ ಮೇಲೆ ಗುಂಯ್ ಅನ್ನಲು ಶುರು. "ಹೊಸ ಬೇರಿಂಗ್ ಹಾಕಿದೆ, ಒಂದೇ ಸೀಸನ್ನಿಗೆ ಹೋಯಿತು" ಅನ್ನುವವರಲ್ಲಿ ಅರ್ಧ ಜನ ಮಾಡಿದ್ದು ಇದನ್ನೇ ಅನ್ನುವುದು ನನ್ನ ಗುಮಾನಿ.

ಹೊರ ಬಳೆಯಷ್ಟೇ ಅಗಲದ ಸಾಕೆಟ್ ಹುಡುಕಿ, ಅದನ್ನಿಟ್ಟು ಮೆಲ್ಲಗೆ ಸುತ್ತಲೂ ತಟ್ಟುತ್ತ ಬನ್ನಿ. ಉದ್ದನೆಯ ಬೋಲ್ಟು, ನಟ್ಟು, ಎರಡು ದಪ್ಪ ವಾಶರ್ ಇದ್ದರೆ ಬಿಗಿ ಮಾಡುತ್ತ ಎಳೆದುಕೊಳ್ಳಬಹುದು, ಅದು ಇನ್ನೂ ಒಳ್ಳೆಯದು. ಬೇರಿಂಗನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಇಳಿಯುತ್ತದೆ. ಗಾಳಿಯಾಡದ ಚೀಲದಲ್ಲಿ ಹಾಕಿಡಿ. ನಮ್ಮನೆಯಲ್ಲಿ ತುರಿದ ತೆಂಗಿನಕಾಯಿ ಪ್ಯಾಕೆಟ್ ಪಕ್ಕ ಇಡುತ್ತೇನೆ, ಅದಕ್ಕೆ ಬೈಸಿಕೊಳ್ಳುವುದೂ ಇದೆ. ಜನವರಿಯಲ್ಲಾದರೆ ಬಾಗಿಲ ಹೊರಗೆ ಇಟ್ಟರೆ ಸಾಕು. ಚಕ್ರವನ್ನು ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿ ಒರೆಸಿಕೊಳ್ಳಿ. ಗ್ಯಾಸ್ ಟಾರ್ಚ್ ಹಿಡಿಯಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಹೊಸ ಬೇರಿಂಗ್ ಬರೀ ಕೈಯಿಂದ ಒತ್ತಿದರೇ ಗುಳಿಯೊಳಗೆ ಜಾರಿ ಹೋದರೆ ಖುಷಿಪಡಬೇಡಿ. ಹಳೆಯದು ಗುಳಿಯೊಳಗೇ ತಿರುಗಿ ಅದನ್ನು ಅಗಲ ಮಾಡಿದೆ ಅಂತ ಅರ್ಥ. ಅಂಟು ಹಾಕಿ ಕೂರಿಸುವವರಿದ್ದಾರೆ. ನಾನು ಚಕ್ರವನ್ನೇ ಬದಲಾಯಿಸುತ್ತೇನೆ. ರಬ್ಬರ್ ಅಂಚು ಕಿತ್ತುಹೋಗಿದ್ದರೂ ಅಷ್ಟೇ. ಒಂದು ಬದಿಯ ಬೇರಿಂಗ್ ಹೋಗಿದ್ದರೆ ಅದೇ ಸಾಲಿನ ಜೊತೆಯದನ್ನೂ ಬದಲಾಯಿಸಿ, ಅದೂ ಅಷ್ಟೇ ನೀರು ಕುಡಿದಿದೆ.

ಸೀಲನ್ನು ಸೂಜಿಯಲ್ಲಿ ಎಬ್ಬಿಸಿ ಹೊಸ ಬೇರಿಂಗಿಗೂ ಇನ್ನಷ್ಟು ಗ್ರೀಸ್ ತುಂಬುವ ಪದ್ಧತಿ ಇದೆ. ಮಾಡುವುದಾದರೆ ಅರ್ಧ ಜಾಗಕ್ಕಿಂತ ಜಾಸ್ತಿ ತುಂಬಬೇಡಿ. ಕಿಕ್ಕಿರಿದರೆ ಬಿಸಿಯಾಗಿ ಸೀಲನ್ನೇ ಹೊರಕ್ಕೆ ತಳ್ಳುತ್ತದೆ. ಈಗಾಗಲೇ ಗರಗರ ಅನ್ನುವುದಕ್ಕೆ ಗ್ರೀಸ್ ತುಂಬಿ ಉಳಿಸಲು ಹೋಗುವುದು ವ್ಯರ್ಥ. ಸದ್ದು ನಿಲ್ಲುತ್ತದೆ, ಗುಳಿ ಹಾಗೇ ಇರುತ್ತದೆ.

ಹಂತ 7: ಡ್ರೈವ್‌ಶಾಫ್ಟ್ ಬೇರಿಂಗ್

ಇದು ಇಡೀ ದಿನದ ಕೆಲಸ. ಸಸ್ಪೆನ್ಷನ್ ಇಳಿಸಿ, ಚೈನ್ ಕೇಸ್ ತೆರೆದು, ಚೈನ್ ಮತ್ತು ಹಲ್ಲುಚಕ್ರ ಬಿಚ್ಚಿ, ಶಾಫ್ಟ್ ಹೊರಗೆ ತರಬೇಕು. ಮೊದಲ ಸಲ ಮಾಡುವವರು ಅನುಭವ ಇರುವ ಯಾರನ್ನಾದರೂ ಕರೆದುಕೊಳ್ಳಿ. ಒಂದು ಊಟಕ್ಕೆ ಬಂದೇ ಬರುತ್ತಾರೆ.

ಹಳೆಯ ಬಹಳ ಗಾಡಿಗಳಲ್ಲಿ ಎಡಗಡೆ ಬೇರಿಂಗಿನ ಒಳ ಬಳೆ ಉದ್ದವಾಗಿದ್ದು, ಅದರ ಮೇಲೆ ಒಂದು ಲಾಕಿಂಗ್ ಕಾಲರ್ ಇರುತ್ತದೆ. ಶಾಫ್ಟನ್ನು ಬಿಗಿಯಾಗಿ ಹಿಡಿಯುವ ಉಂಗುರ ಅದು. ಅದರ ಸಣ್ಣ ಸ್ಕ್ರೂ ಸಡಿಲಿಸಿ, ಕಾಲರನ್ನು ಶಾಫ್ಟ್ ತಿರುಗುವ ದಿಕ್ಕಿನ ವಿರುದ್ಧ ತಟ್ಟಿದರೆ ಬಿಡಿಸಿಕೊಳ್ಳುತ್ತದೆ. ಹಾಕುವಾಗ ಮುಂದಕ್ಕೆ ಓಡುವಾಗ ಶಾಫ್ಟ್ ತಿರುಗುವ ದಿಕ್ಕಿಗೇ ತಟ್ಟಿ ಬಿಗಿ ಮಾಡಬೇಕು. ಉಲ್ಟಾ ಹಾಕಿದರೆ ಓಡುತ್ತ ಓಡುತ್ತ ತಾನೇ ಬಿಚ್ಚಿಕೊಳ್ಳುತ್ತದೆ.

ಬೇರಿಂಗ್ ತೆಗೆದ ಮೇಲೆ ಶಾಫ್ಟ್ ಒರೆಸಿ, ಅದು ಕೂತಿದ್ದ ಜಾಗದ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೆರೆ ತಡೆದರೆ ಶಾಫ್ಟ್ ಬೇರಿಂಗಿನೊಳಗೆ ತಿರುಗಿ ಸವೆದಿದೆ. ಅದರ ಮೇಲೆ ಹೊಸ ಬೇರಿಂಗ್ ನಿಲ್ಲುವುದಿಲ್ಲ, ಶಾಫ್ಟಿಗೂ ದುಡ್ಡು ತೆಗೆದಿಡಿ. ಹಾಗೇನಿಲ್ಲದಿದ್ದರೆ ಶಾಫ್ಟಿಗೆ ತೆಳ್ಳಗೆ ಗ್ರೀಸ್ ಸವರಿ ಹೊಸದನ್ನು ಕೂರಿಸಿ, ಮುಂದಿನ ಸಲ ಬಿಚ್ಚುವಾಗ ನಿಮ್ಮನ್ನು ನೀವೇ ಹರಸುತ್ತೀರಿ. ಚೈನ್ ಕೇಸ್ ಕಡೆಯ ಬೇರಿಂಗ್ ಹಾಕುವಾಗ ಹಳೆಯದರ ಯಾವ ಮಗ್ಗುಲಲ್ಲಿ ಸೀಲ್ ಇತ್ತು, ಯಾವುದು ತೆರೆದಿತ್ತು ಅಂತ ನೋಡಿ ಹಾಗೆಯೇ ಹಾಕಿ. ಎಣ್ಣೆ ಒಳಗೆ ಬರಲೆಂದು ಬೇಕೆಂದೇ ತೆರೆದಿಟ್ಟಿರುತ್ತಾರೆ. ಅಲ್ಲಿನ ಎಣ್ಣೆ ಸೀಲ್ ಹೊಸದೇ ಇರಲಿ.

ಹಂತ 8: ಜೋಡಿಸಿ, ಟ್ರ್ಯಾಕ್ ನೇರ ಮಾಡಿ, ಓಡಿಸಿ ನೋಡಿ

ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ, ಬಿಗಿ ಎಷ್ಟು ಅನ್ನುವುದು ಮ್ಯಾನ್ಯುಯಲ್ ಪ್ರಕಾರ. ಚೈನ್ ಕೇಸಿಗೆ ಹೊಸ ಎಣ್ಣೆ ಹಾಕುವುದನ್ನು ಮರೆತು ಸ್ಟಾರ್ಟ್ ಮಾಡಿದವರು ಒಬ್ಬಿಬ್ಬರಲ್ಲ. ಬರೆದಿಟ್ಟ ಸುತ್ತಿನ ಲೆಕ್ಕಕ್ಕೆ ಟ್ರ್ಯಾಕ್ ಬೋಲ್ಟು ಬಿಗಿ ಮಾಡಿ, ಬೆಲ್ಟು ಮತ್ತು ಕವರ್ ಹಾಕಿದ ಮೇಲೆ ಹಿಂಭಾಗ ಎತ್ತಿಯೇ ನಿಧಾನಕ್ಕೆ ಕೆಲವು ಸುತ್ತು ಓಡಿಸಿ. ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಟ್ರ್ಯಾಕಿನಲ್ಲಿ ಸಿಕ್ಕ ಒಂದು ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಎಂಜಿನ್ ಪೂರ್ತಿ ನಿಲ್ಲಿಸಿ ಹಿಂದಿನಿಂದ ನೋಡಿ: ಟ್ರ್ಯಾಕಿನ ಒಳಹಲ್ಲು ಸಸ್ಪೆನ್ಷನ್ನಿನ ಎರಡೂ ಬದಿಯ ಉದ್ದ ಪಟ್ಟಿಯಿಂದ ಸಮ ದೂರದಲ್ಲಿರಬೇಕು. ಒಂದು ಬದಿಗೆ ಒತ್ತಿಕೊಂಡಿದ್ದರೆ ಆ ಬದಿಯ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ಓಡಿಸಿ. ಇಲ್ಲಿ ಆತುರ ಮಾಡಿದರೆ ಹೊಸ ಬೇರಿಂಗಿನ ಮೇಲೆ ಮೊದಲ ದಿನದಿಂದಲೇ ಓರೆ ಭಾರ.

ಹಿಮ ಬಂದ ಮೇಲೆ ಮೊದಲ ಸವಾರಿ ಮನೆಗೆ ಹತ್ತಿರವೇ ಇರಲಿ. ಐದಾರು ಮೈಲಿ ಓಡಿಸಿ ನಿಲ್ಲಿಸಿ, ಎಂಜಿನ್ ಆರಿಸಿ, ಥರ್ಮಾಮೀಟರನ್ನು ಒಂದೊಂದೇ ಚಕ್ರದ ನಡುವಿಗೆ ಹಿಡಿಯಿರಿ. ಅಂಕಿ ಎಷ್ಟು ಅನ್ನುವುದು ಅಂದಿನ ಚಳಿಯ ಮೇಲೆ ಹೋಗುತ್ತದೆ, ಹಾಗಾಗಿ ಒಂದನ್ನು ಇನ್ನೊಂದಕ್ಕೆ ಹೋಲಿಸಿ. ಎಲ್ಲವೂ ಹೆಚ್ಚುಕಮ್ಮಿ ಒಂದೇ ಇದ್ದು ಒಂದು ಮಾತ್ರ ಬಿಸಿ ಇದ್ದರೆ ಆ ಚಕ್ರವನ್ನು ವಾಪಸ್ ಬಂದು ಬಿಚ್ಚಿ. ಎಲ್ಲ ಸರಿ ಇದ್ದರೆ ಹುಡ್ಡಿನ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಮೂರೇ ವಿಷಯ ಬರೆಯಿರಿ: ತಾರೀಖು, ಮೈಲಿ, ಯಾವ ಯಾವ ಬೇರಿಂಗ್. ಮುಂದಿನ ಏಪ್ರಿಲ್‌ನಲ್ಲಿ ನನ್ನನ್ನು ಕೇಳುವ ಮುಂಚೆ ಹುಡ್ ಎತ್ತಿ ಅದನ್ನು ಓದಿ.